ಕೋಲ್ಡ್ ಕ್ಯಾಂಟೀನಿನ ಡೆರೆಕನಿಗೆ ಆಶ್ಲೇಷಾ ನಕ್ಷತ್ರ

ಮೊನ್ನೆ ಭಾನುವಾರ ಬೆಳಿಗ್ಗೆ ದೋಸೆ ಎರೆಯುತ್ತಿದ್ದವಳಿಗೆ ಚಾವಡಿಯ ಕಡೆಯಿಂದ ಸುಟ್ಟ ಧೂಳಿನ ವಾಸನೆ ಬಂತು. ನೀವಾಗಿದ್ದರೆ ಸೌಟು ಬಿಸಾಡಿ ಓಡುತ್ತಿದ್ದಿರಿ. ನಾನು ದೋಸೆ ಮಗುಚಿದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ವಾಸನೆಯ ಜೊತೆ ಸಂಸಾರ ಮಾಡಿದವಳು ನಾನು. ಹಳೆಯ ಆಂಪ್ಲಿಫೈಯರಿನ ಸ್ವಿಚ್ ಹಾಕಿದರೆ ಮೊದಲು ಅದರ ಹೊಟ್ಟೆಯೊಳಗಿನ ಧೂಳು ಸುಡುತ್ತದೆ, ಆಮೇಲೆ ಕೆಂಪು ದೀಪ ಹತ್ತುತ್ತದೆ, ಆಮೇಲೆ ಪೆಟ್ಟಿಗೆಯಿಂದ ಹೂಂ ಎಂಬ ಸದ್ದು ಹೊರಡುತ್ತದೆ, ಆಮೇಲೆ ಡೆರೆಕ್ ಬರುತ್ತಾನೆ. ಬೇರೆಯವರ ಮನೆಯಲ್ಲಿ ಊದುಬತ್ತಿ ಹಚ್ಚಿದ ಮೇಲೆ ಮಂಗಳಾರತಿ ಆಗುತ್ತದಲ್ಲ, ಹಾಗೆ. ನಮ್ಮ ಮನೆಯ ದೇವರು ಸ್ವಲ್ಪ ಬೇರೆ, ಅಷ್ಟೇ.

ಡೆರೆಕ್ ಯಾರು ಎಂದು ಹೇಳುವ ಮೊದಲು ನಮ್ಮ ಮನೆಯವರು ಯಾರು ಎಂದು ಹೇಳಬೇಕು. ಬಸ್ರೂರಿನಲ್ಲಿ ಮೈಕ್ ಸೆಟ್ ಇಟ್ಟುಕೊಂಡಿದ್ದವರು ಎಂದರೆ ಬೈಂದೂರಿನಿಂದ ಬ್ರಹ್ಮಾವರದ ತನಕ ಗೊತ್ತು. ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವ, ಚುನಾವಣೆಯ ಭಾಷಣ, ಎಲ್ಲಿ ಯಾರು ಗಂಟಲು ಹರಿದುಕೊಂಡರೂ ಅದನ್ನು ನಾಲ್ಕು ಊರಿಗೆ ಮುಟ್ಟಿಸುವ ಪುಣ್ಯ ಇವರದು. ಅದಕ್ಕೂ ಮೊದಲು, ನಮ್ಮ ಕಡೆಯ ಅರ್ಧ ಗಂಡಸರ ಹಾಗೆ, ಮುಂಬಯಿಯ ಒಂದು ಹೋಟೆಲಿನಲ್ಲಿ ಮೇಜು ಒರೆಸಿದವರು. ಮೇಜು ಒರೆಸುವಾಗ ಗಿರಾಕಿಯೊಬ್ಬ, ಯಾರೋ ಕಾಲೇಜು ಹುಡುಗ, ಒಂದು ಕ್ಯಾಸೆಟ್ ಮರೆತುಹೋದನಂತೆ. ಇವರು ಒಂದು ತಿಂಗಳು ಅದನ್ನು ಗಲ್ಲೆಯ ಹಿಂದೆ ಜೋಪಾನವಾಗಿ ಇಟ್ಟು ಕಾದರಂತೆ. ಅವನು ಬರಲಿಲ್ಲ. ಆ ಹುಡುಗನಿಗೆ ನನ್ನ ಶಾಪ ಇದೆ. ಒಂದು ಚಹಾ ಕುಡಿಯಲು ಇನ್ನೊಮ್ಮೆ ಬಂದಿದ್ದರೆ ನನ್ನ ಜೀವನ ಬೇರೆಯೇ ಆಗುತ್ತಿತ್ತು.

ಕ್ಯಾಸೆಟ್ಟಿನ ಮೇಲೆ ಬ್ಯಾಂಡಿನ ಹೆಸರು ‘ಕೋಲ್ಡ್ ಕ್ಯಾಂಟೀನ್’. ಚಿತ್ರದಲ್ಲಿ ಒಂದು ಖಾಲಿ ಹೋಟೆಲು, ಮೇಜುಗಳ ಮೇಲೆ ಕವುಚಿ ಇಟ್ಟ ಕುರ್ಚಿಗಳು. ಅಷ್ಟು ನೋಡಿದ್ದೇ ಇವರಿಗೆ ಇದು ನಮ್ಮವರದೇ ಸಂಗತಿ ಎಂದು ಖಾತ್ರಿಯಾಯಿತಂತೆ. ಇಂಗ್ಲೆಂಡಿನ ಯಾವುದೋ ಮಗ್ಗದ ಊರಿನ ನಾಲ್ಕು ಜನ, ಅವರಲ್ಲಿ ಹಾಡುವವನು ಡೆರೆಕ್. ಈ ಸಂಗೀತದ ಜಾತಿಗೆ ಪೋಸ್ಟ್ ಪಂಕ್ ಎನ್ನುತ್ತಾರೆ. ಪಂಕ್ ಎಂದರೆ ಸಿಟ್ಟು, ಪೋಸ್ಟ್ ಪಂಕ್ ಎಂದರೆ ಸಿಟ್ಟು ಇಳಿದ ಮೇಲೆ ಉಳಿಯುವ ತಲೆನೋವು. ಇದು ನನ್ನ ವ್ಯಾಖ್ಯಾನ, ಪುಸ್ತಕದ್ದಲ್ಲ. ಆ ಬ್ಯಾಂಡನ್ನು ಅವರ ದೇಶದಲ್ಲೇ ಹೆಚ್ಚು ಜನ ಕೇಳಲಿಲ್ಲ. ಕೇಳಿದ ಕೆಲವೇ ಮಂದಿ ಮಾತ್ರ ಕೊನೆಯ ತನಕ ಬಿಡಲಿಲ್ಲವಂತೆ. ಆ ಕೆಲವೇ ಮಂದಿಯಲ್ಲಿ ಒಬ್ಬರು ಬಸ್ರೂರಿನವರು, ಅವರನ್ನೇ ನನ್ನ ಅಪ್ಪಯ್ಯ ಹುಡುಕಿ ತಂದರು. ಜಾತಕ ಕೂಡಿಸಿದವರು ಕ್ಯಾಸೆಟ್ ಪೆಟ್ಟಿಗೆ ತೆರೆದು ನೋಡಲಿಲ್ಲ.

ನನ್ನ ತವರು ಹಾಲಾಡಿ. ಬಿ.ಎ. ಮಾಡಿ, ಅದರಲ್ಲೂ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡು, ಆಗಷ್ಟೇ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆಗಿ ಸೇರಿದ್ದೆ. ಆಗ ನನ್ನ ಜಂಬಕ್ಕೆ ನಮ್ಮ ಹಾಲಾಡಿ ಪೇಟೆ ಸಾಲುತ್ತಿರಲಿಲ್ಲ. ಮದುವೆಯಾಗಿ ಮೂರನೆಯ ದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದಾಗ ಮನೆಯೊಳಗಿಂದ ಒಂದು ಗಂಡು ದನಿ ಕೇಳಿತು. ಹಲ್ಲುನೋವಿನವನು ಬಾಯಿ ಮುಚ್ಚಿಕೊಂಡು ನರಳಿದ ಹಾಗೆ. ಯಾರೋ ಅಳುತ್ತಿದ್ದಾರೆ ಎಂದೇ ತಿಳಿದು ನಾನು ಕೊಡಪಾನ ಅಲ್ಲೇ ಬಿಟ್ಟು ಅತ್ತೆಯ ಹತ್ತಿರ ಓಡಿದೆ.

“ಅತ್ತೆ, ಯಾರ್ ಮರ್ಕುದ್? ಯಾರಿಗ್ ಎಂತ ಆಯ್ತ್?”

ಅತ್ತೆ ಮೀನು ಕೊಯ್ಯುತ್ತಿದ್ದವರು ತಲೆ ಎತ್ತಲಿಲ್ಲ. “ಅದ್ ಮರ್ಕುದಲ್ಲ ಹೆಣೆ, ಹಾಡುದಂಬ್ರ್. ನಂಗೂ ಸುರುವಿಗ್ ಹಾಂಗೇ ಅನ್ಸಿತ್ತ್.”

ಆ ಸಂಜೆ ಇವರು ನನ್ನನ್ನು ಕೂರಿಸಿ ಕ್ಯಾಸೆಟ್ಟಿನ ಮೊದಲನೆಯ ಹಾಡು ಹಾಕಿದರು. ಹೊಸ ಹೆಂಡತಿಗೆ ಗಂಡಂದಿರು ಮಲ್ಲಿಗೆ ತರುತ್ತಾರೆ ಎಂದು ಕೇಳಿದ್ದೆ. ಇವರು ಮುಖ ಅರಳಿಸಿಕೊಂಡು, ಬೆರಳಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದರು: “ನೀ ಇಂಗ್ಲಿಷ್ ಕಲ್ತವ್ಳಲ್ದಾ, ಅವ ಎಂತ ಹೇಳ್ತ ಅಂದ್ಹೇಳಿ ಒಂಚೂರ್ ಹೇಳ್ ಕಾಂಬ. ನಂಗೆ ಅದ್ ಹೋಟ್ಲ್ ಮುಚ್ಚು ಹೊತ್ತಿನ್ ಪದ ಅಂದ್ಹೇಳಿ ಕಾಣತ್ತ್.”

ನಾನು ನಕ್ಕೆ. ಬಿ.ಎ. ಓದಿದವಳು ನಗುವ ಹಾಗೆ ನಕ್ಕೆ. “ಇದ್ಕೆ ಅರ್ಥ ಗಿರ್ಥ ಎಂತ ಇಲ್ಲೆ. ಬರೀ ಬೊಬ್ಬೆ,” ಎಂದೆ.

ಅವರು “ಹೌದಾ” ಎಂದರು. ಇನ್ನೆಂದೂ ಕೇಳಲಿಲ್ಲ. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್ ಡ್ರೈವ್ ಬಂತು, ಪೆನ್ ಡ್ರೈವ್ ಹೋಗಿ ಎಲ್ಲವೂ ಮೊಬೈಲಿನೊಳಗೆ ಸೇರಿತು. ಅರ್ಥ ಮಾತ್ರ ಕೇಳಲಿಲ್ಲ. ನಾನೂ ಗೆದ್ದೆನೆಂದೇ ತಿಳಿದಿದ್ದೆ.

ಅರ್ಥವಿಲ್ಲದ ಆ ಹಾಡನ್ನು ಇವರು ಮೂರು ತಾಲೂಕಿಗೆ ಕೇಳಿಸಿಬಿಟ್ಟರು, ಅದೊಂದು ಕತೆ. ಬೇರೆ ಮೈಕಿನವರು “ಹಲೋ, ಹಲೋ, ಚೆಕ್” ಎಂದು ಪರೀಕ್ಷೆ ಮಾಡಿದರೆ ಇವರು ಪೆಟ್ಟಿಗೆಗಳನ್ನು ಜೋಡಿಸಿ ಆ ಹಾಡಿನ ಮೊದಲ ಮುಕ್ಕಾಲು ನಿಮಿಷ ಹಾಕುತ್ತಿದ್ದರು. ಡುಂ ಡುಂ ಡುಡುಂ ಎಂದು ಬೇಸ್ ಗಿಟಾರ್. ಅದು ಸರಿಯಾಗಿ ಎದೆಗೆ ಬಡಿದರೆ ಪೆಟ್ಟಿಗೆ ಸರಿಯಿದೆ ಎಂದು ಲೆಕ್ಕ. ಡೆರೆಕ್ ಬಾಯಿ ತೆರೆಯುವಷ್ಟರಲ್ಲಿ ನಿಲ್ಲಿಸಿ ಗಣಪತಿ ಸ್ತೋತ್ರ ಹಾಕುವುದು. ವರ್ಷಗಟ್ಟಲೆ ಹೀಗೆ ನಡೆದು, ಆ ಡುಂ ಡುಂ ನಮ್ಮ ಕಡೆ ಒಂದು ಶಾಸ್ತ್ರವೇ ಆಗಿಹೋಯಿತು. ಶಿರೂರಿನ ಒಂದು ಮದುವೆಯಲ್ಲಿ ಅಡುಗೆಯವರು ಕೂಗಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ: “ಹ್ವಾಯ್, ಮೈಕಿನವ್ರ್ ಡುಂ ಡುಂ ಸುರು ಆಯ್ತ್, ಸಾಂಬಾರಿಗ್ ಒಗ್ಗರಣಿ ಹಾಕಿ!” ಆ ಬಡಪಾಯಿ ಬ್ಯಾಂಡಿನವರಿಗೆ ತಮ್ಮ ಊರಿನಲ್ಲಿ ನೂರು ಜನ ಸೇರುತ್ತಿರಲಿಲ್ಲವಂತೆ. ಇಲ್ಲಿ ಸಾವಿರಾರು ಮಂದಿ ಅವರ ಹಾಡು ಕೇಳಿಯೇ ಸೀರೆ ಉಟ್ಟಿದ್ದಾರೆ. ಅವರಿಗೂ ತಿಳಿಯದು, ಇವರಿಗೂ ತಿಳಿಯದು.

ಭಕ್ತಿ ಇಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಮದುವೆಯಾಗಿ ನಾಲ್ಕೈದು ವರ್ಷವಾಗಿತ್ತು. ಮಂಗಳೂರಿನ ಹಳೆ ಪುಸ್ತಕದ ಅಂಗಡಿಯಿಂದ ಇವರು ವಿದೇಶದ ಸಂಗೀತ ಪತ್ರಿಕೆಗಳನ್ನು ತರುತ್ತಿದ್ದರು. ಚಿತ್ರ ಇವರಿಗೆ, ಓದಿ ಹೇಳುವ ಕರ್ಮ ನನಗೆ. ಒಂದರಲ್ಲಿ ಡೆರೆಕನಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿದೆ, ಮತ್ತೆ ಹಾಡುವುದು ಅನುಮಾನ ಎಂದಿತ್ತು. ಓದಿ ಹೇಳಿದೆ. ಆವತ್ತು ಇವರು ಊಟ ಮಾಡಲಿಲ್ಲ. ಬಂಗುಡೆ ಮೀನಿನ ಹುಳಿಮೆಣಸು ಇದ್ದ ದಿನ ಊಟ ಬಿಟ್ಟದ್ದು ನಮ್ಮ ಮನೆಯ ಚರಿತ್ರೆಯಲ್ಲಿ ಅದೊಂದೇ ಸಲ. ಅತ್ತೆಗೆ ಗಾಬರಿಯಾಯಿತು. “ಯಾರಿಗಾ ಮಾಣಿ ಹುಷಾರಿಲ್ದೆ ಇಪ್ದ್?” ಎಂದು ಕೇಳಿದರೆ ಇವರು “ನಮ್ಮವ್ನೇ ಅಮ್ಮ, ಡೆರೆಕ್,” ಎಂದು ಬಿಟ್ಟರು. ಮುಂಬಯಿ ಹೋಟೆಲಿನಲ್ಲಿ ಮಗನ ಜೊತೆ ಒಂದೇ ಚಾಪೆಯಲ್ಲಿ ಮಲಗಿದ ಯಾರೋ ಪಾಪದವನು ಎಂದು ಅತ್ತೆ ತಿಳಿದರು. ನಾನು ತಿದ್ದಬಹುದಿತ್ತು. ತಿದ್ದುವುದೇ ನನ್ನ ಉದ್ಯೋಗ. ಆದರೆ ತಮಾಷೆ ನೋಡುವ ಆಸೆ ಮೀರಿತು.

ಅತ್ತೆ ಹೇಳಿಕಳಿಸಿ, ಮರುದಿನ ಪೂಜೆಗೆ ಭಟ್ಟರು ಬಂದರು. ಸಂಕಲ್ಪಕ್ಕೆ ಹೆಸರು, ನಕ್ಷತ್ರ ಬೇಕಲ್ಲ.

“ಹೆಸ್ರ್ ಎಂತ?”

“ಡೆರೆಕ್ ಅಂಬ್ರ್,” ಎಂದರು ಅತ್ತೆ.

ಭಟ್ಟರು ಬೆರಳು ಮಡಚಿ ಎಣಿಸಿದರು. “ಡೆ ಅಂದ್ರೆ ಆಶ್ಲೇಷಾ. ಅದೇ ಕಾಣಿ, ನಾಗನ್ ನಕ್ಷತ್ರ. ಗಂಟ್ಲಿಗೇ ಬಂದಿತ್. ಗೋತ್ರ?”

“ಗೊತ್ತಿಲ್ಲೆ ಭಟ್ರೆ. ಪಾಪ, ದೂರದವ.”

“ಅಡ್ಡಿಲ್ಲೆ. ಕಾಶ್ಯಪ.”

ಹಾಗೆ ಇಂಗ್ಲೆಂಡಿನ ಮಗ್ಗದ ಊರಿನ ಡೆರೆಕ್, ಗೋತ್ರ ಗೊತ್ತಿಲ್ಲದ ಎಲ್ಲರಂತೆ ಕಾಶ್ಯಪ ಗೋತ್ರಕ್ಕೆ ಸೇರಿ, ಕರ್ಕಾಟಕ ರಾಶಿಯಲ್ಲಿ ಹುಟ್ಟಿ, ನಮ್ಮ ನಾಗಬನದ ಎದುರು ‘ಡೆರೆಕ್ ನಾಮಧೇಯಸ್ಯ’ ಆದ. ಅತ್ತೆ ಕೈಮುಗಿದು ಒಂದು ಹರಕೆಯನ್ನೂ ಹೇಳಿಕೊಂಡರು. ಗುಣವಾದರೆ ಅವನೇ ಬಂದು ತನು ಹಾಕುತ್ತಾನೆ, ಎಂದರೆ ನಾಗನ ಕಲ್ಲಿಗೆ ಹಾಲು, ಎಳನೀರು ಎರೆಯುತ್ತಾನೆ ಎಂದು. ಆ ಕ್ಷಣಕ್ಕೆ ನನ್ನ ನಗು ನಿಂತಿತು. ಅಮ್ಮ ಇಂಥ ಹರಕೆ ಹೊತ್ತರೆ ತೀರಿಸುವುದು ಮಗನ ತಲೆಗೆ ಬರುತ್ತದೆ ಎಂದು ನನಗೂ ಗೊತ್ತಿತ್ತು.

ಡೆರೆಕನಿಗೆ ಗುಣವಾಯಿತು! ಒಂದೆರಡು ವರ್ಷದ ಮೇಲೆ ಮತ್ತೆ ಹಾಡಿದ. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರಿಗೆ ನಮ್ಮ ಮನೆಯಲ್ಲಿ ಒಂದು ಚೂರೂ ಕೀರ್ತಿ ಸಿಗಲಿಲ್ಲ. ಇನ್ನು ಹರಕೆ. ಇವರು ಡೆರೆಕನಿಗೆ ಒಂದು ಕಾಗದ ಬರೆಯಬೇಕು ಎಂದರು. ತಾನು ಹೇಳುತ್ತೇನೆ, ನೀನು ಇಂಗ್ಲಿಷಿನಲ್ಲಿ ಬರಿ ಎಂದರು. ಇವರು ಮೇಜು ಒರೆಸಿದ್ದು, ಕ್ಯಾಸೆಟ್ ಸಿಕ್ಕಿದ್ದು, ಊಟ ಬಿಟ್ಟದ್ದು ಎಲ್ಲವನ್ನೂ ಹೇಳಿದರು. ನಾನು ರಜಾ ಅರ್ಜಿಯ ಇಂಗ್ಲಿಷಿನಲ್ಲಿ, ಮಾನ್ಯರೇ ಎಂದು ಶುರುಮಾಡಿ, ತಾವು ದಯವಿಟ್ಟು ಬಂದು ಹರಕೆ ಸಂದಾಯ ಮಾಡಬೇಕಾಗಿ ವಿನಂತಿ ಎಂದು ಮುಗಿಸಿದೆ. ಜೊತೆಗೆ ಕಾಗದದ ಪೊಟ್ಟಣದಲ್ಲಿ ಅರಸಿನ ಪ್ರಸಾದ. ಆ ಹಳದಿ ಪುಡಿ ಅಲ್ಲಿಯ ಅಂಚೆಯವರಿಗೆ ಏನೆಂದು ಕಂಡಿತೋ ನಾಗನಿಗೇ ಗೊತ್ತು.

ಒಂದು ವರ್ಷ ಕಳೆದ ಮೇಲೆ ಉತ್ತರ ಬಂತು. ಒಂದು ಕಾರ್ಡು, ಅಭಿಮಾನಿಗಳಿಗೆ ಧನ್ಯವಾದ ಎಂದು ಅಚ್ಚು ಹಾಕಿದ ಎರಡು ಸಾಲು, ಕೆಳಗೆ ಡೆರೆಕನ ಸಹಿ. ಸಹಿ ರಬ್ಬರ್ ಸ್ಟ್ಯಾಂಪಿನದು. ಶಾಲೆಯಲ್ಲಿ ದಿನಾ ಸ್ಟ್ಯಾಂಪು ಒತ್ತುವವಳಿಗೆ ಅದು ತಿಳಿಯದೇ? ಇವರು ಅದಕ್ಕೆ ಫ್ರೇಮು ಹಾಕಿಸಿ ದೇವರ ಪಟದ ಸಾಲಿನಲ್ಲಿ ತೂಗುಹಾಕಿದರು. ನೋಡಿ, ಕಂಡದ್ದನ್ನು ಕಂಡ ಹಾಗೆ ಹೇಳುವುದರಲ್ಲಿ ನನಗೆ ಬಹಳ ಹೆಸರಿದೆ. ಆದರೆ ಆ ಸ್ಟ್ಯಾಂಪಿನ ಸಂಗತಿ ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನಗೆ ಆಗ ತಿಳಿಯಲಿಲ್ಲ.

ಭಟ್ಟರ ಚೀಟಿಯಲ್ಲಿ ಒಮ್ಮೆ ಬರೆದ ಹೆಸರು ಅಳಿಸುವ ಕ್ರಮವಿಲ್ಲ. ಅಂದಿನಿಂದ ಪ್ರತಿ ನಾಗರಪಂಚಮಿಗೆ ನಮ್ಮ ಮನೆಯವರೆಲ್ಲರ ಹೆಸರಿನ ಕೊನೆಗೆ ಡೆರೆಕನ ಹೆಸರೂ ಓದಲ್ಪಡುತ್ತದೆ. ಭಟ್ಟರ ಮಗ ಈಗ ಭಟ್ಟರಾಗಿದ್ದಾನೆ. ಡೆರೆಕ್ ಎಂದರೆ ನಮ್ಮ ಮನೆಯ ಒಬ್ಬ ಮೈದುನ, ಮುಂಬಯಿಯಲ್ಲಿದ್ದಾನೆ ಎಂದೇ ಅವನ ತಿಳುವಳಿಕೆ. ಅತ್ತೆ ಮಾತ್ರ ಪ್ರತಿ ವರ್ಷ ಬನದಿಂದ ಬರುವಾಗ ದಾರಿಯುದ್ದಕ್ಕೂ ಗೊಣಗುತ್ತಿದ್ದರು. “ಗುಣ ಆದ್ದೇ ಮರ್ತ. ಎಂಥಾ ಜನ ಅವ!” ತೀರಿಹೋಗುವ ವರ್ಷವೂ ಆ ಹರಕೆ ನೆನಪಿಸಿದರು.

ಈಗ ಕಿವಿಯ ಸಂಗತಿ. ಇವರಿಗೆ ಕಿವಿ ಮಂದವಾಗುತ್ತಿದೆ ಎಂದು ಗೊತ್ತಾಗುವುದಕ್ಕೆ ನಮಗೆ ಮೂರು ವರ್ಷ ಬೇಕಾಯಿತು. ಗಂಡ ಹೆಂಡತಿಯ ಮಾತು ಕೇಳಿಸಿಕೊಳ್ಳದಿದ್ದರೆ ಅದನ್ನು ರೋಗ ಎಂದು ಯಾರು ತಿಳಿಯುತ್ತಾರೆ? ಕುಂದಾಪುರದ ಕಿವಿ ಡಾಕ್ಟರು ಇವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಗೆರೆ ಎಳೆದು ತೋರಿಸಿದರು. ಜೀವಮಾನವೆಲ್ಲ ದೊಡ್ಡ ಸದ್ದಿನ ಪಕ್ಕ ನಿಂತವರ ಕಿವಿಯಲ್ಲಿ ಮೇಲಿನ ಸ್ವರಗಳು ಮೊದಲು ಹೋಗುತ್ತವಂತೆ, ಕೆಳಗಿನ ಗುಡುಗು ಕೊನೆಗೆ. ಮಾತಿನ ಗದ್ದಲ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮನೆಗೆ ಬಂದವರೇ ಆಂಪ್ಲಿಫೈಯರ್ ಹಾಕಿ ಪರೀಕ್ಷೆ ಮಾಡಿದರು. ಇಷ್ಟು ವರ್ಷ ಪೆಟ್ಟಿಗೆಯನ್ನು ಪರೀಕ್ಷಿಸಿದ ಹಾಡಿನಿಂದ ಆವತ್ತು ಕಿವಿಯನ್ನು ಪರೀಕ್ಷಿಸಿದರು. ಹಾಡು ಮುಗಿದ ಮೇಲೆ ಸ್ವಿಚ್ ಆರಿಸಿ ಹೇಳಿದರು: “ಬೇಸ್ ಕೇಂತ್. ಡ್ರಮ್ಮೂ ಕೇಂತ್. ಅವ ಇಲ್ಲೆ.”

ಕಿವಿಗೆ ಮಿಷನ್ ತಂದೆವು. ಅದನ್ನು ಹಾಕಿಕೊಂಡರೆ ನಾನು ಪಾತ್ರೆ ಕುಕ್ಕುವುದು ಮಾತ್ರ ಅಚ್ಚುಕಟ್ಟಾಗಿ ಕೇಳುತ್ತದೆ, ಡೆರೆಕ್ ಡಬ್ಬದೊಳಗೆ ಸಿಕ್ಕಿಬಿದ್ದವನ ಹಾಗೆ ಕೇಳುತ್ತಾನೆ. ಇವರು ಅದನ್ನು ಕಳಚಿ ಕಪಾಟಿನಲ್ಲಿಟ್ಟರು. ಈ ನಾಗರಪಂಚಮಿಗೆ, ಯಾರೂ ಹೇಳದೆ, ತಾವೇ ಬೆಳಿಗ್ಗೆ ಮಿಂದು ಡೆರೆಕನ ಪರವಾಗಿ ತನು ಹಾಕಿದರು. ಅಮ್ಮನ ಹರಕೆ ಬಾಕಿ ಉಳಿದದ್ದು ಕಿವಿಗೆ ಬಂದಿರಬಹುದು ಎಂಬ ಅನುಮಾನ ಇವರಿಗಿತ್ತು. ಕಿವಿಯ ರೋಗಕ್ಕೂ ನಾಗನಿಗೂ ಸಂಬಂಧ ಹಚ್ಚುವುದು ನಮ್ಮ ಕಡೆ ಇದ್ದದ್ದೇ. ಕಲ್ಲಿನ ಮೇಲಿಂದ ಹಾಲು ಇಳಿಯುವುದನ್ನು ಇವರು ನೋಡುತ್ತಿದ್ದ ರೀತಿ ಕಂಡು ನನಗೆ ಒಂದು ಕೊಂಕು ಮಾತೂ ಹೊಳೆಯಲಿಲ್ಲ. ಕಿವಿ ಬರಲಿಲ್ಲ.

ಮೊನ್ನೆಯ ಆ ಭಾನುವಾರಕ್ಕೆ ಒಂದು ವಾರ ಮೊದಲು ಮೊಬೈಲಿನಲ್ಲಿ ಸುದ್ದಿ ಬಂತು. ಕೋಲ್ಡ್ ಕ್ಯಾಂಟೀನಿನವರು ಇನ್ನು ಸಾಕು ಎಂದು ಕೊನೆಯ ಆಲ್ಬಂ ಹೊರತಂದಿದ್ದಾರೆ. ಎಪ್ಪತ್ತು ದಾಟಿದ ಡೆರೆಕ್ ಮೊದಲ ಕ್ಯಾಸೆಟ್ಟಿನ ಮೊದಲ ಹಾಡನ್ನೇ, ನಮ್ಮ ಡುಂ ಡುಂ ಹಾಡನ್ನೇ, ನಿಧಾನವಾಗಿ ಮತ್ತೆ ಹಾಡಿದ್ದಾನೆ. ಮೂವತ್ತು ವರ್ಷ ಕಾದವರಿಗೆ ಅದು ಬಂದದ್ದು ಯಾವಾಗ ನೋಡಿ! ಒಂದು ವಾರ ಇವರು ಮೊಬೈಲನ್ನು ತೆರೆಯುವುದು, ಮುಚ್ಚುವುದು. ಹಾಕಿದರೆ ಅವನು ಕೇಳಿಸುವುದಿಲ್ಲ ಎಂಬುದು ಖಾತ್ರಿಯಾಗಿಬಿಡುತ್ತದಲ್ಲ, ಅದಕ್ಕೆ. ಭಾನುವಾರ ಧೈರ್ಯ ಮಾಡಿದರು. ನನಗೆ ಬಂದ ವಾಸನೆ ಅದು.

ಕಾವಲಿ ಇಳಿಸಿ ಚಾವಡಿಗೆ ಹೋದೆ. ಇವರು ನೆಲದ ಮೇಲೆ ಕೂತು ಸ್ಪೀಕರ್ ಪೆಟ್ಟಿಗೆಯ ಬದಿಗೆ ಅಂಗೈ ಒತ್ತಿ ಹಿಡಿದಿದ್ದರು, ಜ್ವರ ಬಂದವರ ಬೆನ್ನು ಮುಟ್ಟಿ ನೋಡಿದ ಹಾಗೆ. ಡುಂ ಡುಂ ಡುಡುಂ. ಆಮೇಲೆ ಡೆರೆಕ್ ಬಂದ. ಮುದುಕನ ದನಿ, ಅಲ್ಲಲ್ಲಿ ಒಡೆದಿತ್ತು. ಇವರಿಗೆ ಬಂದದ್ದು ತಿಳಿಯಲೇ ಇಲ್ಲ. ನನ್ನ ಮುಖ ನೋಡಿ ಕೇಳಿದರು.

“ಬಂದ್ನಾ?”

ತಲೆಯಾಡಿಸಿದೆ.

“ಅವ ಎಂತ ಹೇಳ್ತ?”

ಮೂವತ್ತು ವರ್ಷದ ಮೇಲೆ ಅದೇ ಪ್ರಶ್ನೆ. ಈಗ ನಿಮಗೆ ಒಂದು ನಿಜ ಹೇಳಬೇಕು. ಅಂದು ನಾನು ಅರ್ಥವಿಲ್ಲ ಎಂದದ್ದು ಹಾಡು ಅರ್ಥವಾಗಿ ಅಲ್ಲ. ಡೆರೆಕನ ಇಂಗ್ಲಿಷು ನನಗೆ ಒಂದು ಶಬ್ದವೂ ಹಿಡಿದಿರಲಿಲ್ಲ. ನಾನು ಕಲಿತದ್ದು ಪಾಠಪುಸ್ತಕದ ಇಂಗ್ಲಿಷು, ಅವನದು ಮಗ್ಗದ ಕೇರಿಯದು. ಮೇಜು ಒರೆಸಿದವರ ಎದುರು ಬಿ.ಎ. ಮಾಡಿದವಳು ಗೊತ್ತಿಲ್ಲ ಎನ್ನುವುದು ಹೇಗೆ? ಹಾಡಿಗೇ ಅರ್ಥವಿಲ್ಲ ಎಂದುಬಿಟ್ಟೆ. ಆಮೇಲೆ ಆ ಸುಳ್ಳನ್ನು ಕಾಪಾಡಲು ಮೂವತ್ತು ವರ್ಷ ಗೇಲಿ ಮಾಡಬೇಕಾಯಿತು. ನನಗೆ ನಾಚಿಕೆಯಾಯಿತು. ಇವರ ಕಿವಿ ಚೆನ್ನಾಗಿದ್ದಾಗ ಹೇಳಬಹುದಾಗಿದ್ದ ಮಾತು ಅದು.

ಈಗಿನ ಮೊಬೈಲಿನಲ್ಲಿ ಹಾಡಿನ ಜೊತೆ ಅದರ ಸಾಲುಗಳೂ ಮೂಡುತ್ತವೆ. ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತೆ. ಮೊದಲ ಎರಡು ಸಾಲು ಓದಿದವಳು ಅದನ್ನೇ ಮತ್ತೊಮ್ಮೆ ಓದಿದೆ. ಆಮೇಲೆ ಇವರ ಕಿವಿಗೆ ಬಾಯಿಟ್ಟು ಹೇಳಿದೆ. “ಅಂಗಡಿ ಬಾಗ್ಲ್ ಹಾಕು ಹೊತ್ತಾಯ್ತಂಬ್ರ್. ಕುರ್ಚಿ ಎಲ್ಲ ಮೇಜಿನ್ ಮೇಲೆ ಕವುಚಿ ಆಯ್ತಂಬ್ರ್.”

ಇವರು ಪೆಟ್ಟಿಗೆಯಿಂದ ಕೈ ತೆಗೆಯದೆ ನನ್ನ ಕಡೆ ತಿರುಗಿದರು. “ಹೋಟ್ಲಿನ್ ಪದ!”

“ಹ್ಞೂಂ. ಹೋಟ್ಲಿಂದೇ.”

“ನಾ ಆಗ್ಳೇ ಹೇಳಿದ್ನಲೆ.”

“ಹೇಳಿದ್ರಿ. ನಂಗ್ ಗೊತ್ತಿರ್ಲಿಲ್ಲೆ. ನಂಗ್ ಆಗ ಒಂದಕ್ಷರ ತಿಳೀಲಿಲ್ಲೆ, ಅದ್ಕೆ ಅರ್ಥ ಇಲ್ಲೆ ಅಂದದ್ದ್.”

ಇಷ್ಟುದ್ದದ ತಪ್ಪೊಪ್ಪಿಗೆ ಅವರಿಗೆ ಪೂರ್ತಿ ಕೇಳಿಸಿತೋ ಇಲ್ಲವೋ. ನಕ್ಕರು. “ಅದ್ ನಂಗೊತ್ತಿತ್ತ್,” ಎಂದರು. “ಆ ಕಾರ್ಡಿನ್ ಸೈನ್ ಸೀಲಿಂದ್ ಅಂದ್ಹೇಳಿಯೂ ಗೊತ್ತಿತ್ತ್. ನೀ ಹೇಳ್ಲಿಲ್ಲೆ, ನಾನೂ ಕೇಣ್ಲಿಲ್ಲೆ. ಮುಂದಿಂದ್ ಹೇಳ್.”

ಹಾಡು ಮುಂದೆ ಹೋಗಿತ್ತು. ಮೊದಲಿನಿಂದ ಹಾಕಿದೆ. ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ, ಅವಸರದಲ್ಲಿ ಹೇಳಿದರೆ ತಿಳಿಯುವುದಿಲ್ಲ. “ಬೇಸಿನೊಟ್ಟಿಗೆ ಹೇಳ್,” ಎಂದು ಇವರೇ ನನ್ನ ಕೈಹಿಡಿದು ಪೆಟ್ಟಿಗೆಯ ಮೇಲೆ ಇಟ್ಟರು. ಡುಂ ಡುಂ ಅಂಗೈಗೆ ಬಡಿಯುತ್ತಿತ್ತು. ಅದಕ್ಕೆ ಸರಿಯಾಗಿ ಒಂದೊಂದೇ ಮಾತನ್ನು ಎಳೆದು, ಗಟ್ಟಿಯಾಗಿ, ಹಾಲಾಡಿಯ ದನಿಯಲ್ಲಿ ಹೇಳುತ್ತಾ ಹೋದೆ. ಒಬ್ಬ ಮೇಜು ಒರೆಸುತ್ತಿದ್ದಾನೆ. ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾನೆ, ಹೋಗಲಿಕ್ಕೆ ಮನೆಯಿಲ್ಲ. ಕೊನೆಯ ಸಾಲನ್ನು ಡೆರೆಕ್ ಮೂರು ಸಲ ಹೇಳುತ್ತಾನೆ. ನಾನೂ ಮೂರು ಸಲ ಹೇಳಿದೆ. “ಒಳ್ಗೆ ಯಾರಾರೂ ಇದ್ರೆ ಒಂದ್ ಸದ್ದ್ ಮಾಡಿ, ನಾ ದೀಪ ಆರ್ಸ್ತೆ. ಒಳ್ಗೆ ಯಾರಾರೂ ಇದ್ರೆ…” ಮೂರನೆಯ ಸಲಕ್ಕೆ ನನ್ನ ಗಂಟಲು ಡೆರೆಕನ ಗಂಟಲಿಗಿಂತ ಕಡೆಯಾಗಿತ್ತು. ಇವರು ಕಣ್ಣು ಮುಚ್ಚಿಕೊಂಡು, ಬೆರಳಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮುಖ ಅರಳಿತ್ತು, ನಮ್ಮ ಮದುವೆಯ ಮೂರನೆಯ ದಿನದ ಹಾಗೆಯೇ.

ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಮನೆಯ ಗಿರಿಜಕ್ಕ ಗಾಬರಿಯಲ್ಲಿ ಕೂಗಿದರು. “ಹ್ವಾಯ್ ಟೀಚರೇ! ಯಾರ್ ಮರ್ಕುದ್? ಯಾರಿಗ್ ಎಂತ ಆಯ್ತ್?”

ನಾನು ಕಣ್ಣೊರೆಸಿಕೊಂಡು ಕಿಟಕಿಯ ಹತ್ತಿರ ಹೋದೆ.

“ಅದ್ ಮರ್ಕುದಲ್ಲ ಗಿರಿಜಕ್ಕ,” ಎಂದೆ. “ಹಾಡುದ್.”